ಕೌದಿಯ ಉಡಿ

ವಾರಿಜಾಕ್ಷಿಗೆ ಹೆದರಲು ದೊಡ್ಡ ಕಾರಣ ಬೇಕಾಗಿರಲಿಲ್ಲ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುವವಳು ಅವಳು. ಅಂಚೆಯಲ್ಲಿ ದಪ್ಪ ಲಕೋಟೆ ಬಂದರೆ ಬಿಚ್ಚುವ ಧೈರ್ಯವಾಗದೆ, ಗಂಡ ಬರುವ ತನಕ ಫ್ರಿಜ್ಜಿನ ಮೇಲಿಟ್ಟು ದೂರದಿಂದ ನೋಡುವವಳು. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೂ, ಈ ದೇಶ ಒಂದಲ್ಲ ಒಂದು ದಿನ ತನ್ನನ್ನು ಕರೆದು ‘ನಿಮ್ಮದೊಂದು ಕಾಗದ ಸರಿಯಿಲ್ಲ’ ಎನ್ನುತ್ತದೆ ಎಂದೇ ಅವಳ ನಂಬಿಕೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹನ್ನೊಂದು ವರ್ಷದಿಂದ ನಿಂತಿರುವ ಮನೆಯಲ್ಲಿ ಅದು ತೀರ ಹುಚ್ಚು ನಂಬಿಕೆಯೂ ಅಲ್ಲ. ಗಂಡ ಭುಜಂಗ ಮಾತ್ರ ಅವಳಿಗೆ ‘ಗಾಬರಿ ಇಲಾಖೆ’ ಎಂದು ಹೆಸರಿಟ್ಟು, ತನ್ನ ಗಾಬರಿಯನ್ನೆಲ್ಲ ಆ ಇಲಾಖೆಗೇ ವರ್ಗ ಮಾಡಿ ಆರಾಮವಾಗಿದ್ದ.

ಅಂಥವಳು ಸಮುದ್ರದಾಚೆಯ ಹದಿನಾಲ್ಕು ಹೆಂಗಸರ ಹೊಟ್ಟೆಪಾಡನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಹೇಗೆಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಹೊತ್ತುಕೊಂಡಿದ್ದಳು, ಅಷ್ಟೆ. 2025ರ ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಆ ಹೊರೆ ಅವಳ ಕುತ್ತಿಗೆಗೆ ಬಂತು.

ಆವತ್ತು ಬೇಸ್‌ಮೆಂಟಿಗೆ ಇಳಿದದ್ದು ಬಟ್ಟೆ ಒಗೆಯಲೆಂದು. ವಾಷಿಂಗ್ ಮೆಷಿನ್ ಪಕ್ಕದ ಬುಟ್ಟಿಯಲ್ಲಿ ಮನೆಯ ಕೌದಿ ಮುದ್ದೆಯಾಗಿ ಬಿದ್ದಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಕೈಯಲ್ಲೇ ಒತ್ತಾಗಿ ಹೊಲಿದ ಹೊದಿಕೆ ಅದು. ಹಿಂದಿನ ವರ್ಷ ಊರಿಂದ ಬರುವಾಗ ಮಾದರಿಗೆಂದು ಸೂಟ್‌ಕೇಸಿನಲ್ಲಿ ತಂದಿದ್ದಳು. ಮಗಳು ದೀಕ್ಷಿತಾ ಅದರ ಮೇಲೆ ಜ್ಯೂಸ್ ಚೆಲ್ಲಿ, ಅಮ್ಮನಿಗೆ ಗೊತ್ತಾಗದಂತೆ ತಾನೇ ತೊಳೆದು, ಒಣಗಿಸಲು ಮರೆತಿದ್ದಳು. ಒದ್ದೆ ಕೌದಿ ಐದು ದಿನ ಬುಟ್ಟಿಯಲ್ಲೇ ಬೆಚ್ಚಗೆ ಕುಳಿತಿತ್ತು. ವಾರಿಜಾಕ್ಷಿ ಗೊಣಗುತ್ತ ಅದನ್ನು ಎತ್ತಿ ಕೊಡವಿದಳು. ಒಂದು ಮೂಲೆಯ ಹೊಲಿಗೆಯ ಸಂದಿನಿಂದ ತಿಳಿಹಸಿರು ಬಣ್ಣದ್ದೇನೋ ಹೊರಗೆ ಇಣುಕುತ್ತಿತ್ತು.

ದಾರ ಎಂದುಕೊಂಡು ಎಳೆದಳು. ಬೇರು ಸಮೇತ ಕೈಗೆ ಬಂತು. ಕತ್ತರಿ ತಂದು ಮೂಲೆ ಬಿಚ್ಚಿದರೆ, ಒಳಗೆ ಕೆಂಪು ಬಟ್ಟೆಯ ಪುಟ್ಟ ಗಂಟು. ಗಂಟಿನಲ್ಲಿ ಐದು ಜೋಳದ ಕಾಳು, ಒಂದು ಚೂರು ಅರಿಶಿನದ ಕೊಂಬು. ಐದು ಕಾಳಿನಲ್ಲಿ ಮೂರು ಮೊಳೆತಿದ್ದವು.

ಸಮುದ್ರದಾಚೆಯ ಅದೇ ಹದಿನಾಲ್ಕು ಹೆಂಗಸರು ಹೊಲಿದ ಇನ್ನೂ ನಲವತ್ತೊಂದು ಕೌದಿಗಳು ಹಿಂದಿನ ದಿನವಷ್ಟೇ ವಿಮಾನದಲ್ಲಿ ಬಂದು, ಒಂದು ಗಂಟೆ ದಾರಿಯ ಡಲ್ಲಸ್ ಏರ್‌ಪೋರ್ಟಿನ ಪಕ್ಕದ ಗೋದಾಮಿನಲ್ಲಿ ಕಸ್ಟಮ್ಸ್ ಬಿಡುಗಡೆಗೆ ಕಾಯುತ್ತಿದ್ದವು. ಅದರ ಕಾಗದದಲ್ಲಿ ‘ಬೀಜ, ಕಾಳು, ಮಣ್ಣು, ಗಿಡದ ಯಾವ ಭಾಗವೂ ಇಲ್ಲ’ ಎಂಬ ಸಾಲಿನ ಮುಂದೆ ಟಿಕ್ ಹಾಕಿ, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದವಳು ಇವಳೇ. ಇವಳಿಗೆ ಅಲ್ಲೇ ಒಗೆಯುವ ಬಟ್ಟೆಯ ರಾಶಿಯ ಮೇಲೆ ಕೂತುಬಿಡಬೇಕಾಯಿತು.

ಈ ಕೌದಿಗಳ ಸಹವಾಸ ಶುರುವಾದದ್ದು ಹಿಂದಿನ ವರ್ಷದ ಜುಲೈಯಲ್ಲಿ, ಮಣಿಪಾಲದಲ್ಲಿ. ತಂಗಿಯ ಫ್ಲ್ಯಾಟಿನಲ್ಲಿ ಇಪ್ಪತ್ತು ದಿನ ಇರಲು ಹೋದವಳಿಗೆ ಕಿಟಕಿಯಿಂದ ಕಾಣುತ್ತಿದ್ದದ್ದು ಅರ್ಧ ಕಟ್ಟಿದ ಇನ್ನೊಂದು ಕಟ್ಟಡ, ಅದರ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು. ಅಲ್ಲಿದ್ದವರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು. ಮಳೆ ಕೈಕೊಟ್ಟು, ಬೋರು ಬತ್ತಿ, ಕೊನೆಗೆ ಟ್ಯಾಂಕರಿನ ನೀರಿಗೂ ಜಗಳ ಶುರುವಾದಾಗ ಬಾಗಿಲಿಗೆ ಬೀಗ ಜಡಿದು ಕರಾವಳಿಗೆ ಬಂದವರು. ನೀರಿಲ್ಲವೆಂದು ಊರು ಬಿಟ್ಟು ಬಂದವರ ನೆತ್ತಿಯ ಮೇಲೆ ಇಲ್ಲಿ ಹಗಲೂ ರಾತ್ರಿ ನೀರು ಸೋರುತ್ತಿತ್ತು. ಮಳೆ ಬಂದ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯಿಲ್ಲ. ಆ ಜುಲೈಯಲ್ಲಿ ಮಳೆ ಬಾರದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

ಶೆಡ್ಡಿನ ಬಾಗಿಲಲ್ಲಿ ಒಬ್ಬಳು ಕೂತು ಹೊಲಿಯುತ್ತಿದ್ದಳು. ಸಿದ್ದೇಶ್ವರಿ. ವಯಸ್ಸು ನಲವತ್ತರ ಆಸುಪಾಸು, ಬೋಳು ಹಣೆ, ಬೋಳು ಕೈ. ವಾರಿಜಾಕ್ಷಿ ಕೊಲಂಬಿಯಾದ ತನ್ನ ಬೇಸ್‌ಮೆಂಟಿನಲ್ಲಿ ಪರಿಚಯದವರಿಗೆಲ್ಲ ರವಿಕೆ ಹೊಲಿದುಕೊಡುವವಳಾದ್ದರಿಂದ, ಕೊಡೆ ಹಿಡಿದುಕೊಂಡು ಹೋಗುತ್ತಿದ್ದವಳ ಕಾಲು ಆ ಹೊಲಿಗೆ ಕಂಡದ್ದೇ ನಿಂತುಬಿಟ್ಟಿತು. ಅಳತೆಪಟ್ಟಿಯಿಲ್ಲದೆ, ಗೆರೆಯಿಲ್ಲದೆ, ಒಂದೇ ಒಂದು ಹೊಲಿಗೆ ಹೆಚ್ಚುಕಮ್ಮಿಯಾಗದಂತೆ ಓಡುತ್ತಿತ್ತು ಅವಳ ಸೂಜಿ.

“ಇದನ್ನು ಮಾರ್ತೀರಾ?” ಎಂದು ಕೇಳಿದಳು.

“ಹರಕ ಸೀರೀವು ಯಾರ ತಗೋತಾರ್ರೀ ಅಕ್ಕಾರ?” ಎಂದು ಸಿದ್ದೇಶ್ವರಿ ನಕ್ಕಳು.

ಅಷ್ಟೇ ಮಾತು. ಆದರೆ ವಾರಿಜಾಕ್ಷಿಯ ತಲೆಯೊಳಗೆ ಏನಾದರೂ ಹೊಕ್ಕರೆ ಅದು ಅಲ್ಲಿಂದ ಏಳುವುದಿಲ್ಲ. ಪಕ್ಕದ ಶೆಡ್ಡಿನ ಮಲ್ಲಮ್ಮ ಹೊಲಿದ ಕೌದಿಯೊಂದನ್ನು ಮಾದರಿಗೆ ಕೊಂಡು ವಾಪಸು ಬಂದವಳು ಅದನ್ನು ಕನ್ನಡ ಕೂಟದವರಿಗೆ ತೋರಿಸಿದಳು, ರೆಸ್ಟನ್‌ನಲ್ಲಿರುವ ಗೆಳತಿ ಶ್ರೀಲಕ್ಷ್ಮಿಯನ್ನು ಜೊತೆಗೆ ಎಳೆದುಕೊಂಡಳು, ಯುಗಾದಿ ಕಾರ್ಯಕ್ರಮದ ದಿನ ಮಾರಾಟಕ್ಕೆ ಒಂದು ಮೇಜು ಗಿಟ್ಟಿಸಿಕೊಂಡಳು. ಅತ್ತ ಸಿದ್ದೇಶ್ವರಿ ಶೆಡ್ಡಿನ ಹೆಂಗಸರನ್ನು ಕಲೆಹಾಕಿದಳು. ಫೆಬ್ರವರಿಯಿಂದ ಹದಿನಾಲ್ಕು ಜನ ಜಲ್ಲಿ ಹೊರುವುದನ್ನು ಬಿಟ್ಟು ಕೌದಿಗೆ ಕೂತರು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಮುಚ್ಚುತ್ತಿದ್ದ ಟೈಲರ್ ಒಬ್ಬರು ತಮ್ಮ ಕೋಣೆಯನ್ನು ನಾಲ್ಕು ಹೊಲಿಗೆ ಮೆಷಿನ್ ಸಮೇತ ಬಾಡಿಗೆಗೆ ಕೊಡಲು ಒಪ್ಪಿದ್ದರು. ಮುಂಗಡ ಹಣಕ್ಕೆ ಮೇ ಒಂದನೇ ತಾರೀಕಿನವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದರು. ಅತ್ತ ಮೇಸ್ತ್ರಿ ಇವರ ಜಾಗಕ್ಕೆ ಬೇರೆ ಹೆಂಗಸರನ್ನು ಸೇರಿಸಿಕೊಂಡಾಗಿತ್ತು. ಕೌದಿ ಹೋದರೆ ಕೋಣೆಯೂ ಇಲ್ಲ, ಕೂಲಿಯೂ ಇಲ್ಲ. ಅವರನ್ನು ಇದ್ದ ಕೂಲಿಯಿಂದ ಎಬ್ಬಿಸಿದವಳು ನಾನೇ ಅಲ್ಲವೇ ಎಂಬ ಯೋಚನೆ ಬಂದಾಗಲೆಲ್ಲ ವಾರಿಜಾಕ್ಷಿಗೆ ಊಟ ಸೇರುತ್ತಿರಲಿಲ್ಲ.

ಇನ್ನು, ಕಾಗದಕ್ಕೆ ಸಹಿ ಹಾಕುವ ಮೊದಲು ಕೇಳಿರಲಿಲ್ಲವೇ ಎಂದರೆ, ಕೇಳಿದ್ದಳು. ಮೂರು ಸಲ ಕೇಳಿದ್ದಳು. ಗಾಬರಿ ಇಲಾಖೆ ಅಂಥದ್ದರಲ್ಲಿ ತಪ್ಪುವುದಿಲ್ಲ. ಮಾರ್ಚಿನಲ್ಲಿ ನಡೆದ ಆ ಫೋನ್ ಮಾತು ಈಗ ಒಗೆಯುವ ಬಟ್ಟೆಯ ರಾಶಿಯ ಮೇಲೆ ಕೂತವಳಿಗೆ ಅಕ್ಷರ ಅಕ್ಷರ ನೆನಪಾಯಿತು.

“ಸಿದ್ದೇಶ್ವರಿ, ಕೌದಿ ಒಳಗೆ ಬಟ್ಟೆ ಬಿಟ್ಟು ಬೇರೆ ಎಂತದಾದ್ರೂ ಹಾಕಿದ್ದೀರಾ?”

“ಏನಿಲ್ರಿ ಅಕ್ಕಾರ. ಉಡಿ ಅಷ್ಟ ತುಂಬೀವಿ.”

ವಾರಿಜಾಕ್ಷಿ ಹುಟ್ಟಿ ಬೆಳೆದ ಉಡುಪಿಯ ಕಡೆ ಪುಡಿಗೆ ಹುಡಿ ಎನ್ನುತ್ತಾರೆ. ಚಟ್ನಿಹುಡಿ, ಸಾರಿನ ಹುಡಿ, ಅರಿಶಿನ ಹುಡಿ. ಫೋನಿನ ಗರಗರ ಸದ್ದಿನಲ್ಲಿ ಒಂದು ‘ಹ’ಕಾರ ಬಿದ್ದುಹೋಗಿರಬೇಕು ಎಂದುಕೊಂಡಳು, ಬಟ್ಟೆಗೆ ಹುಳ ಹಿಡಿಯದಿರಲೆಂದು ಎಂಥದೋ ಹುಡಿ ಉದುರಿಸಿದ್ದಾರೆ ಎಂದು ತೀರ್ಮಾನಿಸಿದಳು.

“ಅಯ್ಯೋ, ಅದೆಲ್ಲ ಇರ್ಬಾರ್ದು ಮಾರಾಯ್ತಿ. ಪೂರ್ತಿ ಕೊಡವಿ ಹಾಕಿ ಕಳಿಸಿ.”

“ಉಡಿ ಕೊಡವಬಾರದ್ರಿ ಅಕ್ಕಾರ.”

“ಕೊಡವ್ಲೇಬೇಕು. ಇಲ್ಲಿ ರೂಲ್ಸ್ ಉಂಟು.”

“ಹೂನ್ರಿ,” ಎಂದಿದ್ದಳು ಸಿದ್ದೇಶ್ವರಿ. ಆ ಒಂದು ‘ಹೂನ್ರಿ’ಯನ್ನು ನಂಬಿ ಇವಳು ಟಿಕ್ ಹಾಕಿದ್ದಳು.

ಈಗ ಬೆಳಿಗ್ಗೆ ಏಳೂವರೆ, ಅಲ್ಲಿ ಸಂಜೆ ಐದು. ವಾರಿಜಾಕ್ಷಿ ಮೊಳಕೆಯನ್ನು ಅಂಗೈಯಲ್ಲಿಟ್ಟುಕೊಂಡೇ ಫೋನ್ ಮಾಡಿದಳು.

“ಸಿದ್ದೇಶ್ವರಿ, ಉಡಿ ಅಂದ್ರೆ ಎಂತ?”

“ಹಿಂಗ್ಯಾಕ ಕೇಳ್ತೀರಿ? ಹೆಣ್ಮಗಳು ಮನಿ ಬಿಟ್ಟು ಹೊಂಟಾಗ ಉಡಿ ತುಂಬಂಗಿಲ್ಲೇನ್ರಿ ನಿಮ್ಮ ಕಡೆ? ಕೌದೀನೂ ಹಂಗ. ಹೊಂಟಾಗ ಅದರ ಉಡಿಯಾಗ ಐದು ಕಾಳ ಹಾಕಬೇಕು. ಬರೇ ಉಡೀಲೆ ಕಳಿಸಿದ್ರ ಹೊದ್ದವರು ಹಸೀತಾರ್ರಿ.”

ಉಡಿ ಎಂದರೆ ಮಡಿಲು. ತನ್ನ ತವರಿನಲ್ಲಿ ಮಡಿಲಕ್ಕಿ ಎನ್ನುತ್ತಾರಲ್ಲ, ಅದೇ. ವಾರಿಜಾಕ್ಷಿ ಹಣೆ ಚಚ್ಚಿಕೊಂಡಳು.

“ನಾನು ಕೊಡವಿ ಹಾಕಿ ಅಂದಿದ್ದೆ ಅಲ್ವ?”

“ಅಂದಿದ್ರಿ. ಎಲ್ಲಾರೂ ಕುಂತು ಮಾತಾಡಿದ್ವಿ. ಅಕ್ಕಾರು ದೂರ ಇರ್ತಾರ, ಪಾಪ, ಹಾದ್ಯಾಗ ಕಾಳ ಉದುರೀತು ಅಂತ ಹಂಗ ಹೇಳ್ಯಾರ ಅಂದ್ಕೊಂಡು, ಇನ್ನೊಂದು ಸುತ್ತು ಗಟ್ಟಿ ಹೊಲದ್ವಿ ನೋಡ್ರಿ. ಈಗ ಎಳದ್ರೂ ಬಿಚ್ಚಂಗಿಲ್ಲ.” ಆ ದನಿಯಲ್ಲಿ ಹೆಮ್ಮೆಯಿತ್ತು.

ಏನಾಗಿದೆ ಎಂದು ವಾರಿಜಾಕ್ಷಿ ಹೇಳಲಿಲ್ಲ. ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟಳು.

ಭುಜಂಗ ಆಫೀಸಿಗೆ ಹೊರಡುವ ಆತುರದಲ್ಲಿ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ. ಹೆಂಡತಿ ಮೊಳಕೆಯನ್ನು ತಟ್ಟೆಯ ಪಕ್ಕದಲ್ಲಿಟ್ಟು ವಿಷಯ ಹೇಳಿದಳು. ಅವನ ಕೈಯ ಚಾಕು ಅಲ್ಲೇ ನಿಂತಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗಾಬರಿ ಇಲಾಖೆಯ ಕಡತ ಅವನ ಮೇಜಿಗೂ ಬಂದಿತ್ತು.

“ಯಾರಿಗೂ ಹೇಳ್ಬೇಡ ಮಾರಾಯ್ತಿ. ನಿನ್ನ ಸೈನ್ ಉಂಟು ಅದ್ರಲ್ಲಿ. ಗ್ರೀನ್ ಕಾರ್ಡ್ ಫೈಲ್ ಈಗಷ್ಟೇ ಮೂವ್ ಆಗ್ತಾ ಉಂಟು. ಐದು ಕಾಳಿಗೋಸ್ಕರ ನಾವು ಮೂಟೆ ಕಟ್ಟಬೇಕಾ?”

“ಅವರೇ ಬಿಚ್ಚಿ ನೋಡಿದ್ರೆ?”

“ಬಿಚ್ಚೂದಿಲ್ಲ. ಬ್ಲ್ಯಾಂಕೆಟ್ ಯಾರು ಬಿಚ್ತಾರೆ?”

“ತಗೊಂಡವರ ಮನೇಲಿ ಮೊಳೆತ್ರೆ? ಕೌದಿಯಿಂದ ಗಿಡ ಬಂತು ಅಂತ ಯಾರಾದ್ರೂ ಫೋಟೊ ಹಾಕಿದ್ರೆ?”

ಭುಜಂಗ ಟೋಸ್ಟನ್ನು ಹಾಗೇ ಬಿಟ್ಟು ಹೋದ.

ಅವಳು ಮನೆಯಲ್ಲಿ ಅತ್ತಿಂದಿತ್ತ ತಿರುಗಿದಳು. ಒಲೆ ಆರಿಸಿದ್ದಾಗಿದೆಯೇ ಎಂದು ನಾಲ್ಕು ಸಲ ನೋಡಿದಳು. ಆವತ್ತು ಒಲೆ ಹಚ್ಚಿಯೇ ಇರಲಿಲ್ಲ. ಹೇಳಿದರೆ ಅಷ್ಟೂ ಕೌದಿಗಳನ್ನು ಸುಟ್ಟುಹಾಕಬಹುದು. ಹೇಳದಿದ್ದರೆ ನಾಳೆಯೇ ಮಾಲು ಕೈಗೆ ಬಂದು, ಶನಿವಾರ ಯುಗಾದಿಯ ಮೇಜಿನಲ್ಲಿ ಮಾರಿಹೋಗಿ, ಹದಿನಾಲ್ಕು ಜನಕ್ಕೆ ತಲೆಯ ಮೇಲೊಂದು ಸೋರದ ಸೂರು ಸಿಗಬಹುದು. ಅಥವಾ ಸಿಕ್ಕಿಬೀಳಬಹುದು. ಆಗ ಕೌದಿಯೂ ಹೋಗಿ, ಮುಂದೆ ಯಾವತ್ತೂ ಒಂದು ಚೂರು ಬಟ್ಟೆ ತರಿಸಲು ಬಾರದೆ, ಗಂಡನ ಫೈಲಿನ ಮೇಲೆ ಕೆಂಪು ಗೆರೆ ಬಿದ್ದು... ಅವಳ ಯೋಚನೆ ಮಗಳ ಕಾಲೇಜಿನವರೆಗೂ ಹೋಗಿ ವಾಪಸು ಬಂತು.

ಹತ್ತು ಗಂಟೆಗೆ ಕೇಶವಮೂರ್ತಿಯವರ ಫೋನು ಬಂತು. ಸ್ಟರ್ಲಿಂಗ್‌ನಲ್ಲಿ ಕಸ್ಟಮ್ಸ್ ಕಾಗದಪತ್ರದ ಕೆಲಸ ಮಾಡಿಕೊಡುವ ಮೈಸೂರಿನ ಹಿರಿಯರು, ಇವಳ ಮಾಲಿಗೂ ಅವರೇ ಏಜೆಂಟು.

“ಗುಡ್ ನ್ಯೂಸ್ ಕಣಮ್ಮ. ನಾಳೆ ಮಧ್ಯಾಹ್ನದ ಹೊತ್ತಿಗೆ ರಿಲೀಸ್ ಆಗೋ ಹಾಗಿದೆ. ಪಿಕಪ್ ಅರೇಂಜ್ ಮಾಡ್ಕೊಳ್ಳಿ.”

“ಅಂಕಲ್, ಒಂದು ವಿಷಯ...”

ಆ ದನಿಯಲ್ಲೇ ಅವರಿಗೆ ವಾಸನೆ ಬಡಿಯಿತು. “ತಾಳಿ, ತಾಳಿ. ಹೇಳೋಕೆ ಮುಂಚೆ ಒಂದ್ಸಲ ಯೋಚನೆ ಮಾಡಿ. ನೀವು ಹೇಳಿದ್ರೆ ನಾನು ಕೇಳಿಸ್ಕೊಂಡ ಹಾಗೆ. ಕೇಳಿಸ್ಕೊಂಡ್ರೆ ರಿಪೋರ್ಟ್ ಮಾಡ್ಲೇಬೇಕು. ನನ್ನ ಲೈಸೆನ್ಸ್ ಪ್ರಶ್ನೆ.”

‘ಏನಿಲ್ಲ ಅಂಕಲ್, ಥ್ಯಾಂಕ್ಸ್ ಹೇಳೋಣ ಅಂತ’ ಎಂಬ ಮಾತು ವಾರಿಜಾಕ್ಷಿಯ ನಾಲಿಗೆಯ ತುದಿಯಲ್ಲಿತ್ತು. ನಾಳೆಯಿಂದ ಪ್ರತಿ ಬಾರಿ ಕರೆಗಂಟೆ ಬಾರಿಸಿದಾಗಲೂ, ಪ್ರತಿಯೊಂದು ದಪ್ಪ ಲಕೋಟೆ ಬಂದಾಗಲೂ ಈ ಕಾಳಿನ ನೆನಪಾಗುವುದನ್ನು ಊಹಿಸಿಕೊಂಡಳು. ನಲವತ್ತೊಂದು ಮನೆಗಳಲ್ಲಿ ಎಲ್ಲೋ ಒಂದು ಕಡೆ ಯಾರೋ ಜ್ಯೂಸ್ ಚೆಲ್ಲುವುದನ್ನು ಊಹಿಸಿಕೊಂಡಳು. ಧೈರ್ಯದಿಂದ ಹೇಳಿದಳು ಎಂದರೆ ಸುಳ್ಳಾಗುತ್ತದೆ. ಅವಳು ಹೇಳಿದ್ದು ಹೆದರಿಕೆಯಿಂದಲೇ.

“ಒಳಗೆ ಕಾಳುಂಟು ಅಂಕಲ್. ಜೋಳದ ಕಾಳು. ನಂಗೆ ಇವತ್ತು ಗೊತ್ತಾಯ್ತು.”

ಕೇಶವಮೂರ್ತಿ ನಿಟ್ಟುಸಿರು ಬಿಟ್ಟರು. “ಒಳ್ಳೆ ಕೆಲಸ ಮಾಡಿದ್ರಿ,” ಎಂದರು, ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವರು ಮತ್ತೆ ಫೋನ್ ಮಾಡುವವರೆಗೆ ಅವಳು ನೀರು ಸಹ ಕುಡಿದಿರಲಿಲ್ಲ. ನೀವಾಗಿ ಹೇಳಿಕೊಂಡದ್ದರಿಂದ ಕಸ್ಟಮ್ಸಿನವರು ಒಂದು ಅವಕಾಶ ಕೊಟ್ಟಿದ್ದಾರೆ ಎಂದರು. ಗುರುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರು. ಗೋದಾಮಿನಲ್ಲೇ, ತನಿಖಾಧಿಕಾರಿಯ ಕಣ್ಣೆದುರಿಗೆ, ಪ್ರತಿಯೊಂದು ಕೌದಿಯ ಕಾಳು ತೆಗೆದು ಒಪ್ಪಿಸಬೇಕು. ಮೂರು ಗಂಟೆಗೆ ಯಾವುದು ಉಳಿದಿರುತ್ತದೋ ಅದು ನಾಶ. ತಪ್ಪು ಟಿಕ್ಕಿಗೆ ಎಚ್ಚರಿಕೆಯ ಪತ್ರವೊಂದು ಮನೆಗೆ ಬರುತ್ತದೆ. ದಪ್ಪ ಲಕೋಟೆಯೇ ಇರಬೇಕು ಎಂದುಕೊಂಡಳು ವಾರಿಜಾಕ್ಷಿ.

ಬುಧವಾರ ಬೆಳಿಗ್ಗೆ ಸಿದ್ದೇಶ್ವರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಬೀಜ ತರಬಾರದೆಂಬ ಕಾನೂನು, ತನ್ನ ಸಹಿ, ಹುಡಿ-ಉಡಿಯ ಗೊಂದಲ, ಕೊನೆಗೆ ಕಾಳು ತೆಗೆಯಬೇಕೆಂಬ ಮಾತು. ಕಾಳನ್ನು ಎಲ್ಲೆಲ್ಲಿ ಬಚ್ಚಿಟ್ಟಿದ್ದಾರೆಂದು ಅವಳಲ್ಲದೆ ಹೇಳುವವರಿರಲಿಲ್ಲ. ಮೂಲೆಯಲ್ಲೋ, ಅಂಚಿನಲ್ಲೋ, ಮೇಲಿನ ತುಂಡಿನ ಕೆಳಗೋ, ಒಬ್ಬೊಬ್ಬಳದು ಒಂದೊಂದು ಪದ್ಧತಿ.

ಸಿದ್ದೇಶ್ವರಿ ಸುದ್ದಿಯನ್ನು ಉಳಿದವರಿಗೆ ದಾಟಿಸಿದಳು. ಹಿಂದೆ ಹೆಂಗಸರು ಗುಜುಗುಜು ಎನ್ನುವುದು ಕೇಳಿಸುತ್ತಿತ್ತು.

“ತುಂಬಿದ ಉಡಿ ಬರಿದು ಮಾಡ್ತೀರೇನ್ರಿ ಅಕ್ಕಾರ?”

“ಮಾಡದಿದ್ರೆ ಸುಡ್ತಾರೆ, ಸಿದ್ದೇಶ್ವರಿ.” ವಾರಿಜಾಕ್ಷಿಗೆ ಬೇರೆಯವರ ಮಡಿಲಿಗೆ ಕೈಹಾಕಿ ಕಸಿದುಕೊಳ್ಳುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು.

“ತೆಗೀರಿ ಹಂಗಾರ. ಆದ್ರ ಹಂಗ ಬಿಡಬ್ಯಾಡ್ರಿ. ನಿಮ್ಮ ಮನಿಯಾಗ ಏನೈತಿ ಅದನ್ನ ಹಾಕಿ ಹೊಲೀರಿ. ನೀವೂ ಹೆಣ್ಮಗಳ ಅದೀರಿ, ನೀವ ತುಂಬಿದ್ರೂ ನಡೀತದ.”

ವಾರಿಜಾಕ್ಷಿ ಮಾತು ಕೊಟ್ಟಳು. ಕೊಟ್ಟ ಮೇಲೆ, ಇಲ್ಲಿನ ಕಾಳಾದರೂ ಮೊಳೆಯದೆ ಇರುತ್ತದೆಯೇ ಎಂಬ ಹೊಸ ಗಾಬರಿ ಹತ್ತಿತು. ಸಂಜೆಯ ಹೊತ್ತಿಗೆ ಉತ್ತರ ಅವಳ ಅಡುಗೆಮನೆಯ ಡಬ್ಬಿಯಲ್ಲೇ ಸಿಕ್ಕಿತು: ಇಂಡಿಯನ್ ಸ್ಟೋರಿನಿಂದ ತಂದ ಕುಚ್ಚಲಕ್ಕಿ. ಭತ್ತವಾಗಿದ್ದಾಗಲೇ ಬೆಂದ ಅಕ್ಕಿ, ಯಾವ ಜನ್ಮದಲ್ಲೂ ಮೊಳೆಯದು. ಹುಳ ಹಿಡಿದರೆ ಎಂದು ಅದನ್ನೂ ಬಾಣಲೆಯಲ್ಲಿ ಹುರಿದಿಟ್ಟಳು.

ಗುರುವಾರ ಗಂಡ ರಜೆ ಹಾಕಿದ. ಯಾರೂ ಕೇಳಿರಲಿಲ್ಲ, ಬೆಳಿಗ್ಗೆ ಎದ್ದು “ನಡಿ, ಬೆಲ್ಟ್‌ವೇ ಟ್ರಾಫಿಕ್ ಶುರುವಾಗ್ತದೆ” ಎಂದು ಕಾರಿನ ಕೀ ತೆಗೆದುಕೊಂಡ, ಅಷ್ಟೆ. ದೀಕ್ಷಿತಾ ಶಾಲೆ ತಪ್ಪಿಸಿ ಬಂದಳು. ಶ್ರೀಲಕ್ಷ್ಮಿ ಹೊಲಿಗೆ ಬಿಚ್ಚುವ ಆರು ಕೊಕ್ಕೆಗಳನ್ನೂ ಒಂದು ಡಬ್ಬಿ ಇಡ್ಲಿಯನ್ನೂ ತಂದಳು. ಇಡ್ಲಿ ಒಳಗೆ ತರಬಾರದು ಎಂದರು ಗೋದಾಮಿನ ಬಾಗಿಲಲ್ಲಿದ್ದವರು.

ಗೋದಾಮು ಚಳಿ ಚಳಿ. ಉದ್ದನೆಯ ಉಕ್ಕಿನ ಮೇಜು, ಅದರ ಆ ತುದಿಯಲ್ಲಿ ಕೈಗವಸು ಹಾಕಿದ ತನಿಖಾಧಿಕಾರಿ, ಮಾತು ಕಡಿಮೆಯ ಹೆಂಗಸು. ಅವರ ಮುಂದೊಂದು ಪ್ಲಾಸ್ಟಿಕ್ ಚೀಲ, ಗೋಡೆಯ ಮೇಲೆ ಗಡಿಯಾರ. ದೀಕ್ಷಿತಾ ಒಂದೊಂದೇ ಕೌದಿಯನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದಳು. ಅಲ್ಲಿ ರಾತ್ರಿಯಾಗಿತ್ತು; ಶೆಡ್ಡಿನಲ್ಲಿ ಹೆಂಗಸರೆಲ್ಲ ಒಂದೇ ಫೋನಿನ ಸುತ್ತ ಮುಗಿಬಿದ್ದಿದ್ದರು.

“ಅದು ಮಲ್ಲಮ್ಮಂದು. ಹಸಿರು ತುಂಡಿನ ಕೆಳಗ ನೋಡ್ರಿ, ಬಾಜೂಕ.”

“ಅಮ್ಮ, ಬಾಜೂಕ ಅಂದ್ರೆ ವಾಟ್?” ದೀಕ್ಷಿತಾ ಕೇಳಿದಳು.

“ಪಕ್ಕದಲ್ಲಿ. ಬೇಗ ತೋರಿಸು.”

ಗಟ್ಟಿ ಹೊಲಿದಿದ್ದೇವೆ ಎಂದು ಸಿದ್ದೇಶ್ವರಿ ಸುಮ್ಮನೆ ಹೇಳಿರಲಿಲ್ಲ. ಕೊಕ್ಕೆಗಳು ಮುರಿದವು. ಭುಜಂಗ ಬೆರಳು ಕೊಯ್ದುಕೊಂಡು, ಕೌದಿಗೆ ರಕ್ತ ತಾಗಿದರೆ ಅದಕ್ಕೂ ಬೇರೆ ಫಾರಂ ಬರುತ್ತದೆಂದು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೆಲಸ ಮಾಡಿದ. ಹನ್ನೆರಡು ಗಂಟೆಗೆ ಆಗಿದ್ದದ್ದು ಹದಿನೇಳು. ವಾರಿಜಾಕ್ಷಿ ಗಡಿಯಾರ ನೋಡುವುದನ್ನು ಬಿಡಲಾರದೆ, ನೋಡಿದಾಗಲೆಲ್ಲ ಹೊಲಿಗೆ ತಪ್ಪಿ, ಮತ್ತೆ ಶುರು ಮಾಡುತ್ತಿದ್ದಳು. ಒಂದೊಂದು ಗಂಟು ಚೀಲಕ್ಕೆ ಬಿದ್ದಾಗಲೂ ಫೋನಿನ ಆ ಕಡೆ ಒಬ್ಬ ಹೆಂಗಸು ಸದ್ದಿಲ್ಲದೆ ಮುಖ ತಿರುಗಿಸುತ್ತಿದ್ದಳು. ಎರಡು ಗಂಟೆಗೆ ಮೂವತ್ತೊಂದು. ಎರಡೂವರೆಗೆ ಮೂವತ್ತಾರು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಮೇಜಿನ ಮೇಲೆ ಒಂದೇ ಒಂದು ಉಳಿದಿತ್ತು. ಬೂದು, ಬಿಳಿ, ನೀಲಿ ತುಂಡುಗಳದ್ದು, ಎಲ್ಲಕ್ಕಿಂತ ನಾಜೂಕು ಹೊಲಿಗೆಯದ್ದು.

“ಇದು ಯಾರದ್ದು ಸಿದ್ದೇಶ್ವರಿ? ಎಲ್ಲುಂಟು ಹೇಳಿ, ಬೇಗ.”

“ಅದು ನಂದ್ರಿ. ಅದರಾಗ ಇಲ್ರಿ.”

“ಇಲ್ಲ ಅಂದ್ರೆ? ಸರೀ ನೆನಪು ಮಾಡಿ. ಟೈಮ್ ಇಲ್ಲ.”

“ಇಲ್ರಿ ಅಕ್ಕಾರ. ನಾ ತುಂಬಿಲ್ಲ.” ಸಿದ್ದೇಶ್ವರಿ ಕ್ಯಾಮೆರಾದಿಂದ ಕಣ್ಣು ತಪ್ಪಿಸಿದಳು. “ಗಂಡ ಸತ್ತಾಕಿ ಉಡಿ ತುಂಬಬಾರದ್ರಿ. ನನಗೂ ಯಾರೂ ತುಂಬಂಗಿಲ್ಲ, ನನ್ನ ಕೈಲೆ ತುಂಬಿದ್ದೂ ಆಗಂಗಿಲ್ಲ. ಬ್ಯಾರೇದಾವ್ರ ಕೈಲೆ ತುಂಬಸಾಕ ಮನಸಾಗಲಿಲ್ಲ. ಹಂಗ ಹೊಲದು ಇಟ್ಟೆ.”

ದೀಕ್ಷಿತಾಳಿಗೆ ಮಾತು ಪೂರ್ತಿ ತಿಳಿಯದಿದ್ದರೂ ಅಮ್ಮನ ಮುಖ ನೋಡಿ ಫೋನನ್ನು ಸ್ವಲ್ಪ ಕೆಳಗಿಳಿಸಿದಳು. ಒಳಗೇನೂ ಇಲ್ಲ ಎಂದು ವಾರಿಜಾಕ್ಷಿ ತನಿಖಾಧಿಕಾರಿಗೆ ಹೇಳಿದಳು. ಅವರು ನಂಬಲಿಲ್ಲ, ಒಮ್ಮೆ ತಪ್ಪು ಟಿಕ್ ಹಾಕಿದವರ ಮಾತನ್ನು ನಂಬುವುದು ಅವರ ಕೆಲಸವೂ ಅಲ್ಲ. ನಾಲ್ಕೂ ಮೂಲೆ, ನಾಲ್ಕೂ ಅಂಚು ಬಿಚ್ಚಿಸಿದರು. ನಾಲ್ಕು ಜನ ನಾಲ್ಕು ಕಡೆಯಿಂದ ಎಳೆದರು. ಮೂರು ಗಂಟೆಗೆ ಒಂದು ನಿಮಿಷವಿದ್ದಾಗ ಅಧಿಕಾರಿ ಕೈ ಒಳಗೆ ಹಾಕಿ, ಉದ್ದಕ್ಕೂ ತಡವಿ, ಖಾಲಿ ಎಂದು ಬರೆದುಕೊಂಡರು. ನಲವತ್ತೊಂದೂ ಬಿಡುಗಡೆಯಾದವು.

ಶುಕ್ರವಾರ ಪೂರ್ತಿ ವಾರಿಜಾಕ್ಷಿಯೂ ಶ್ರೀಲಕ್ಷ್ಮಿಯೂ ಕೂತು ನಲವತ್ತು ಉಡಿಗಳಿಗೆ ಐದೈದು ಕಾಳು ಕುಚ್ಚಲಕ್ಕಿ ಹಾಕಿ ಹೊಲಿದರು. ಶನಿವಾರ ಶಾಲೆಯ ಸಭಾಂಗಣದ ಯುಗಾದಿ ಕಾರ್ಯಕ್ರಮದಲ್ಲಿ, ಒಂದಾದರೂ ಮಾರಿಹೋದೀತೇ ಎಂದು ವಾರಿಜಾಕ್ಷಿ ಬೆವರುತ್ತ ನಿಂತಿದ್ದಾಗ, ಊಟದ ಸಾಲಿಗಿಂತ ಅವಳ ಮೇಜಿನ ಸಾಲು ಉದ್ದವಾಯಿತು. ಉಡಿಯ ಕತೆ ಬಾಯಿಂದ ಬಾಯಿಗೆ ಹೋಗಿತ್ತು. ಹೋಳಿಗೆ ಬಡಿಸುವ ಮೊದಲೇ ನಲವತ್ತೂ ಖಾಲಿ. ಹಣ ಮಣಿಪಾಲಕ್ಕೆ ಹೋಯಿತು, ಟೈಲರ್ ಕೋಣೆಯ ಬೀಗದ ಕೈ ಸಿದ್ದೇಶ್ವರಿಯ ಕೈಗೆ ಬಂತು. ಆ ಸಂತೋಷವನ್ನು ಅನುಭವಿಸಲೂ ವಾರಿಜಾಕ್ಷಿಗೆ ಎರಡು ದಿನ ಬೇಕಾಯಿತು; ಅಲ್ಲಿಯವರೆಗೂ ಬ್ಯಾಂಕಿನವರು ಏನಾದರೂ ಕೇಳುತ್ತಾರೆಂದು ಕಾಯುತ್ತಿದ್ದಳು.

ಮಾರಾಟಕ್ಕೆ ಹೋಗದೆ ಉಳಿದದ್ದು ಆ ಬೂದು-ನೀಲಿ ಕೌದಿ ಒಂದೇ. ನಾಲ್ಕೂ ಕಡೆ ಬಿಚ್ಚಿದ್ದರಿಂದ ಮತ್ತೆ ಹೊಲಿಯಲು ಬಹಳ ಕೆಲಸವಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಮೂರು ಅಂಚು, ಮೂರು ಮೂಲೆ ಮುಗಿಸಿ, ನಾಲ್ಕನೆಯದಕ್ಕೆ ಬಂದಾಗ ವಾರಿಜಾಕ್ಷಿ ವಿಡಿಯೊ ಕಾಲ್ ಮಾಡಿದಳು. ಸಿದ್ದೇಶ್ವರಿ ಹೊಸ ಕೋಣೆಯ ನೆಲದ ಮೇಲೆ ಕೂತಿದ್ದಳು, ಹಿಂದೆ ಹೊಲಿಗೆ ಮೆಷಿನ್ನುಗಳ ಸದ್ದು. ವಾರಿಜಾಕ್ಷಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಕೆಂಪು ಬಟ್ಟೆಯ ಚೂರೊಂದನ್ನು ಬಿಡಿಸಿ, ಐದು ಕಾಳು ಅಕ್ಕಿ ಎಣಿಸಿ ಇಟ್ಟಳು.

“ಅಕ್ಕಾರ, ಅದು ನಂದಲ್ರೀ? ಅದಕ್ಯಾಕ? ಬ್ಯಾಡ್ರಿ.”

“ಯಾಕೆ ಬೇಡ?”

“ಹೇಳಿದ್ನೆಲ್ರಿ, ನಾ ಗಂಡ ಇಲ್ಲದಾಕಿ.”

“ನಿಮಗಿಲ್ಲ, ಸರಿ. ಕೌದಿಗೆ ಎಂತ ಗಂಡನಾ ಮಾರಾಯ್ತಿ?”

ಮೆಷಿನ್ನುಗಳ ಸದ್ದು ನಿಂತಿತು. ಯಾರೋ ಕಿಸಕ್ಕೆಂದು ನಕ್ಕರು. ಸಿದ್ದೇಶ್ವರಿ ನಗಲಿಲ್ಲ. ವಾರಿಜಾಕ್ಷಿಯ ಕೈ ಕಾಳಿನ ಮೇಲೆ ಹಾಗೇ ನಿಂತಿತು. ತಪ್ಪು ಮಾತಾಡಿಬಿಟ್ಟೆನೇ, ನೋಯಿಸಿದೆನೇ ಎಂದು ಹಳೆಯ ಗಾಬರಿ ಒಂದು ಸುತ್ತು ಬಂದು ಹೋಯಿತು.

“ನಿಧಾನ ಹಾಕ್ರಿ,” ಎಂದಳು ಸಿದ್ದೇಶ್ವರಿ ಕೊನೆಗೆ, ದನಿ ತಗ್ಗಿಸಿ. “ಉದುರಿಸಬ್ಯಾಡ್ರಿ.”

ವಾರಿಜಾಕ್ಷಿ ಒಂದೊಂದೇ ಕಾಳನ್ನು ಕೌದಿಯ ಮೂಲೆಗೆ ಇಳಿಸಿದಳು. ನಾಲ್ಕನೆಯ ಕಾಳು ಹಾಕುವಾಗ ತಲೆಯೆತ್ತಿ ಫೋನಿನ ಕಡೆ ನೋಡಿದಳು. ಎಂಟು ಸಾವಿರ ಮೈಲಿಯಾಚೆ ಸಿದ್ದೇಶ್ವರಿ, ತನಗೇ ಗೊತ್ತಿಲ್ಲದೆ, ಎರಡೂ ಕೈಯಲ್ಲಿ ಸೆರಗು ಹಿಡಿದು ಮಡಿಲು ಒಡ್ಡಿ ಕೂತಿದ್ದಳು.